ಬಹುಪತ್ನೀತ್ವ: ಬೈಬಲ್ ಅದನ್ನು ಒಪ್ಪುತ್ತದೆಯೇ, ಸಹಿಸುತ್ತದೆಯೇ, ನಿಷೇಧಿಸುತ್ತದೆಯೇ?

ಪ್ರಶ್ನೆ — ಜಿಜ್ಞಾಸು

ಎಲ್ಲರಿಗೂ ವಂದನೆಗಳು. ಬೈಬಲನ್ನು ಆದಿಕಾಂಡದಿಂದ ಕ್ರಮವಾಗಿ ಓದುತ್ತಾ ಈಗ ಅರಸುಗಳ ಪುಸ್ತಕಕ್ಕೆ ಬಂದಿದ್ದೇನೆ. ಒಬ್ಬ ಗಂಡನಿಗೆ ಒಬ್ಬಳೇ ಹೆಂಡತಿ ಎಂಬುದು ಬೈಬಲಿನ ಬೋಧನೆ ಎಂದು ಎಲ್ಲ ಕಡೆಯೂ ಕೇಳಿದ್ದೇನೆ. ಆದರೆ ಓದುತ್ತಾ ಹೋದಂತೆ ಕಣ್ಣಿಗೆ ಬೀಳುತ್ತಿರುವುದು ಬೇರೆಯೇ. ಅಬ್ರಹಾಮನ ಮನೆಯಲ್ಲಿ ಸಾರಳ ಜೊತೆಗೆ ಹಾಗರಳಿದ್ದಾಳೆ. ಯಾಕೋಬನಿಗೆ ಲೇಯ, ರಾಹೇಲ ಎಂಬ ಇಬ್ಬರು ಹೆಂಡತಿಯರು, ಬಿಲ್ಹಾ ಮತ್ತು ಜಿಲ್ಪಾ ಎಂಬ ಇಬ್ಬರು ದಾಸಿಯರು; ಹನ್ನೆರಡು ಕುಲಗಳು ಹುಟ್ಟಿದ್ದೇ ಈ ನಾಲ್ವರಿಂದ. ಗಿದ್ಯೋನನಿಗೆ ಅನೇಕ ಹೆಂಡತಿಯರು ಮತ್ತು 70 ಮಂದಿ ಗಂಡುಮಕ್ಕಳು. ದಾವೀದನಿಗಂತೂ ಹೆಬ್ರೋನಿನಲ್ಲಿ ಕೆಲವರು, ಯೆರೂಸಲೇಮಿನಲ್ಲಿ ಇನ್ನೂ ಕೆಲವರು. ಸೊಲೊಮೋನನಿಗೆ 700 ಮಂದಿ ಪತ್ನಿಯರು, 300 ಮಂದಿ ಉಪಪತ್ನಿಯರು. ಅಲ್ಲಿಯೂ ಗದರಿಕೆ ಬರುವುದು ಸಂಖ್ಯೆಗಾಗಿ ಅಲ್ಲ, ಅನ್ಯದೇಶದ ಹೆಂಡತಿಯರು ಅವನ ಹೃದಯವನ್ನು ಬೇರೆ ದೇವರುಗಳ ಕಡೆಗೆ ತಿರುಗಿಸಿದ್ದಕ್ಕಾಗಿ.

ನನ್ನನ್ನು ಹೆಚ್ಚು ಕಾಡುತ್ತಿರುವುದು 2 ಸಮುವೇಲ 12ನೆಯ ಅಧ್ಯಾಯ. ಊರೀಯನನ್ನು ಕೊಲ್ಲಿಸಿ ಅವನ ಹೆಂಡತಿಯನ್ನು ತೆಗೆದುಕೊಂಡದ್ದಕ್ಕಾಗಿ ದಾವೀದನನ್ನು ಖಂಡಿಸಲು ಬಂದ ಪ್ರವಾದಿ ನಾತಾನನು, ದೇವರ ಹೆಸರಿನಲ್ಲಿ ಮಾತಾಡುತ್ತಾ, ‘ನಿನ್ನ ಒಡೆಯನ (ಹಿಂದಿನ ಅರಸ ಸೌಲನ) ಹೆಂಡತಿಯರನ್ನು ನಿನ್ನ ಮಡಿಲಿಗೆ ಕೊಟ್ಟೆನಲ್ಲಾ’ ಎಂಬರ್ಥದ ಮಾತನ್ನು ಹೇಳುತ್ತಾನೆ. ಪಾಪವಾಗಿದ್ದನ್ನು ದೇವರೇ ಕೊಟ್ಟನೆಂದು ಪ್ರವಾದಿಯೊಬ್ಬನು ಹೇಳಬಹುದೇ?

ಈ ವಿಷಯದಲ್ಲಿ ನಾನು ಕೇಳಿರುವ ಉತ್ತರಗಳು ಒಂದಕ್ಕೊಂದು ಹೊಂದುವುದಿಲ್ಲ. ಅದು ಯಾವಾಗಲೂ ಪಾಪವೇ ಆಗಿತ್ತು ಎನ್ನುವವರಿದ್ದಾರೆ. ಆ ಕಾಲಕ್ಕೆ ಅನುಮತಿಯಿತ್ತು, ಈಗಿಲ್ಲ ಎನ್ನುವವರಿದ್ದಾರೆ. ಈಗಲೂ ನಿಷೇಧಿಸುವ ಒಂದೇ ಒಂದು ವಚನವಿಲ್ಲ ಎನ್ನುವವರೂ ಇದ್ದಾರೆ. ‘ಅದು ಆ ಕಾಲದ ಪದ್ಧತಿ’ ಎಂಬಷ್ಟಕ್ಕೇ ನಿಲ್ಲಿಸದೆ, ವಚನಗಳನ್ನು ಎದುರಿಗಿಟ್ಟುಕೊಂಡು ಬಲ್ಲವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ 1 — ಶಾಸ್ತ್ರಾಭ್ಯಾಸಿ

ತಮ್ಮ ಪ್ರಶ್ನೆ ನ್ಯಾಯವಾದದ್ದು. ಹಳೆಯ ಒಡಂಬಡಿಕೆಯಲ್ಲಿ ‘ಒಬ್ಬಳಿಗಿಂತ ಹೆಚ್ಚು ಹೆಂಡತಿಯರನ್ನು ಮಾಡಿಕೊಳ್ಳಬಾರದು’ ಎಂಬ ನೇರವಾದ ಆಜ್ಞೆ ಸಾಮಾನ್ಯ ಜನರಿಗೆ ಎಲ್ಲಿಯೂ ಇಲ್ಲ. ಇದೆಯೆಂದು ಹೇಳುವವರು ಇಲ್ಲದ ವಚನವನ್ನು ಹುಡುಕುತ್ತಿದ್ದಾರೆ. ಧರ್ಮೋಪದೇಶಕಾಂಡ 17:17 ಹೆಂಡತಿಯರನ್ನು ಹೆಚ್ಚಿಸಿಕೊಳ್ಳಬಾರದೆಂದು ಹೇಳುವುದು ಅರಸನಿಗೆ, ಅದೂ ಕುದುರೆಗಳನ್ನೂ ಬೆಳ್ಳಿಬಂಗಾರವನ್ನೂ ಹೆಚ್ಚಿಸಿಕೊಳ್ಳಬಾರದೆಂಬ ಮಾತಿನ ಜೊತೆಯಲ್ಲಿ. ಆದರೂ ಬೈಬಲ್ ಈ ವಿಷಯದಲ್ಲಿ ಮೌನವಾಗಿದೆ ಎಂದು ನನಗೆ ಅನಿಸುವುದಿಲ್ಲ. ಅದು ಮೂರು ಬಗೆಯಲ್ಲಿ ಮಾತಾಡುತ್ತದೆ: ಕಥೆಯಾಗಿ, ಕಾನೂನಾಗಿ, ಮತ್ತು ಆದಿಯಲ್ಲಿ ಏನಿತ್ತೆಂಬ ಬೋಧನೆಯಾಗಿ. ಮೂರನ್ನೂ ಒಂದೇ ತೂಕದ ಮಾತೆಂದು ಓದಿದಾಗಲೇ ಗೊಂದಲವೇಳುತ್ತದೆ.

ಮೊದಲು ಕಥೆ. ಬೈಬಲಿನಲ್ಲಿ ಇಬ್ಬರು ಹೆಂಡತಿಯರನ್ನು ಮಾಡಿಕೊಂಡ ಮೊದಲನೆಯವನು ಲೆಮೆಕ (ಆದಿಕಾಂಡ 4:19). ಆದಾ ಮತ್ತು ಚಿಲ್ಲಾ ಎಂಬ ಆ ಇಬ್ಬರನ್ನು ಕೂರಿಸಿಕೊಂಡು ಅವನು ಹೇಳುವುದು, ತನ್ನನ್ನು ಗಾಯಪಡಿಸಿದವನನ್ನು ಕೊಂದೆನೆಂಬ, ಎಪ್ಪತ್ತೇಳು ಪಟ್ಟು ಸೇಡು ತೀರಿಸಿಕೊಳ್ಳುವೆನೆಂಬ ಜಂಬದ ಹಾಡು. ಕಥೆಗಾರನು ‘ಇದು ತಪ್ಪು’ ಎಂದು ಷರಾ ಬರೆಯುವುದಿಲ್ಲ. ಬೈಬಲಿನ ಕಥೆಗಾರರು ಸಾಮಾನ್ಯವಾಗಿ ಹಾಗೆ ಬರೆಯುವವರೂ ಅಲ್ಲ. ಅವರು ಮನೆಯೊಳಗನ್ನು ತೋರಿಸಿ ಸುಮ್ಮನಾಗುತ್ತಾರೆ. ಯಾಕೋಬನ ಮನೆಯನ್ನೇ ನೋಡಿ. ಗೋಧಿಯ ಕೊಯ್ಲಿನ ಕಾಲದಲ್ಲಿ ಹೊಲಕ್ಕೆ ಹೋಗಿದ್ದ ರೂಬೇನನು, ಸಂತಾನಫಲ ಕೊಡುತ್ತವೆಂದು ಆಗಿನವರು ನಂಬಿದ್ದ ಹಣ್ಣುಗಳನ್ನು ತಾಯಿಯಾದ ಲೇಯಳಿಗೆ ತಂದುಕೊಡುತ್ತಾನೆ. ಮಕ್ಕಳಿಲ್ಲದ ರಾಹೇಲಳು ನನಗೂ ಕೊಡು ಎಂದು ಬೇಡುತ್ತಾಳೆ. ನನ್ನ ಗಂಡನನ್ನು ಕಿತ್ತುಕೊಂಡದ್ದು ಸಾಲದೆಂದು ನನ್ನ ಮಗನ ಹಣ್ಣುಗಳನ್ನೂ ಕಿತ್ತುಕೊಳ್ಳುವೆಯಾ ಎಂದು ಅಕ್ಕ ಕೇಳಿದಾಗ, ತಂಗಿ ಆ ರಾತ್ರಿ ಗಂಡನನ್ನು ಅವಳಿಗೆ ಬಿಟ್ಟುಕೊಡಲು ಒಪ್ಪುತ್ತಾಳೆ. ಸಾಯಂಕಾಲ ಹೊಲದಿಂದ ಬರುತ್ತಿರುವ ಯಾಕೋಬನಿಗೆ ಲೇಯಳು ಎದುರಾಗಿ ಹೋಗಿ, ನನ್ನ ಮಗನ ಹಣ್ಣುಗಳನ್ನು ಕೊಟ್ಟು ನಿನ್ನನ್ನು ಬಾಡಿಗೆಗೆ ಪಡೆದಿದ್ದೇನೆ, ನೀನು ನನ್ನಲ್ಲಿಗೇ ಬರಬೇಕು ಎನ್ನುತ್ತಾಳೆ (ಆದಿಕಾಂಡ 30:14-16). ಮದುವೆಯಾದ ಹೆಂಗಸು ತನ್ನ ಗಂಡನ ಒಂದು ರಾತ್ರಿಯನ್ನು ಸವತಿಯಾದ ಸ್ವಂತ ತಂಗಿಯಿಂದ ಕೊಳ್ಳಬೇಕಾಯಿತು. ಇದನ್ನು ಮೆಚ್ಚುಗೆಯ ಬರಹವೆಂದು ಯಾರೂ ಓದಲಾರರು. ಹನ್ನಳ ಕಥೆಯಲ್ಲಿಯೂ (1 ಸಮುವೇಲ 1) ಎಲ್ಕಾನನು ಒಳ್ಳೆಯವನು, ಅವಳನ್ನು ಪ್ರೀತಿಸುವವನು. ಆದರೂ ಸವತಿ ಪೆನಿನ್ನಳು ವರ್ಷವರ್ಷವೂ ಯಾತ್ರೆಯ ಸಮಯದಲ್ಲಿ ಅವಳನ್ನು ಕೆಣಕುತ್ತಾಳೆ, ಅವಳು ಊಟ ಬಿಟ್ಟು ಅಳುತ್ತಾಳೆ.

ಇನ್ನು ಕಾನೂನು. ‘ಒಬ್ಬನಿಗೆ ಇಬ್ಬರು ಹೆಂಡತಿಯರಿದ್ದು ಒಬ್ಬಳು ಇಷ್ಟಳೂ ಮತ್ತೊಬ್ಬಳು ಇಷ್ಟವಿಲ್ಲದವಳೂ ಆಗಿದ್ದರೆ’ ಎಂದು ಆರಂಭವಾಗುವ ಧರ್ಮೋಪದೇಶಕಾಂಡ 21:15-17 ಹೇಳುವುದು, ಇಷ್ಟವಿಲ್ಲದವಳ ಮಗನು ಚೊಚ್ಚಲನಾಗಿದ್ದರೆ ಎರಡು ಪಾಲಿನ ಹಕ್ಕನ್ನು ಅವನಿಂದ ತಪ್ಪಿಸಬಾರದೆಂದು. ವಿಮೋಚನಕಾಂಡ 21:10 ಹೇಳುವುದು, ದಾಸಿಯಾಗಿ ಬಂದು ಹೆಂಡತಿಯಾದವಳಿದ್ದಾಗ ಇನ್ನೊಬ್ಬಳನ್ನು ತಂದರೂ ಮೊದಲನೆಯವಳ ಅನ್ನ, ಬಟ್ಟೆ, ದಾಂಪತ್ಯದ ಹಕ್ಕು ಇವುಗಳಲ್ಲಿ ಏನನ್ನೂ ಕಡಿಮೆಮಾಡಬಾರದೆಂದು. ಮಾಡಿದರೆ ಅವಳು ಹಣಕೊಡದೆ ಬಿಡುಗಡೆಯಾಗಿ ಹೋಗಬಹುದು. ಇಲ್ಲಿ ಗಂಡಸಿಗೆ ಹೊಸದಾಗಿ ಒಂದು ಹಕ್ಕನ್ನು ಕೊಟ್ಟಂತಿಲ್ಲ. ಆಗಲೇ ನಡೆದುಹೋಗಿರುವ ಸ್ಥಿತಿಯಲ್ಲಿ ನಷ್ಟಕ್ಕೆ ಗುರಿಯಾಗುವವಳು ಯಾರೋ ಅವಳ ಪರವಾಗಿ ಕಾನೂನು ನಿಂತಿದೆ.

ಮೂರನೆಯದು ಯೇಸುವಿನ ಮಾತು. ಯೆಹೂದಿ ಧರ್ಮನಿಷ್ಠರ ಪಂಗಡವಾದ ಫರಿಸಾಯರು ವಿವಾಹ ವಿಚ್ಛೇದನದ ಬಗ್ಗೆ ಕೇಳಿದಾಗ ಅವನು ಮೋಶೆಯ ಕಾನೂನನ್ನು ದಾಟಿ ಸೃಷ್ಟಿಯ ಕಥೆಗೆ ಹೋಗುತ್ತಾನೆ: ಆದಿಯಲ್ಲಿ ಗಂಡುಹೆಣ್ಣಾಗಿ ಉಂಟುಮಾಡಿದನು, ಇಬ್ಬರು ಒಂದೇ ಶರೀರವಾಗುವರು, ನಿಮ್ಮ ಮೊಂಡತನವನ್ನು ನೋಡಿ ಮೋಶೆ ಅಪ್ಪಣೆಕೊಟ್ಟನು, ಆದಿಯಿಂದ ಹೀಗಿರಲಿಲ್ಲ (ಮತ್ತಾಯ 19:3-9). ಕಾನೂನಿನಲ್ಲಿ ಅವಕಾಶವಿದ್ದ ಮಾತ್ರಕ್ಕೆ ಅದು ದೇವರ ಇಚ್ಛೆಯಾಗಿತ್ತೆಂದು ಹೇಳಲಾಗದು ಎಂಬ ತತ್ತ್ವವನ್ನು ಯೇಸುವೇ ಇಲ್ಲಿ ಸ್ಥಾಪಿಸಿದ್ದಾನೆ. ಮುಂದಿನ ಮಾತು ಇನ್ನೂ ನಿರ್ಣಾಯಕವಾದುದು. ಹೆಂಡತಿಯನ್ನು ಬಿಟ್ಟು ಮತ್ತೊಬ್ಬಳನ್ನು ಮದುವೆಯಾಗುವವನು ಮೊದಲನೆಯವಳಿಗೆ ವಿರೋಧವಾಗಿ ವ್ಯಭಿಚಾರ ಮಾಡುತ್ತಾನೆ ಎಂದು ಮಾರ್ಕ 10:11 ಹೇಳುತ್ತದೆ. ಮೋಶೆಯ ಕಾನೂನಿನಲ್ಲಿ ವಿವಾಹಿತ ಗಂಡಸಿನ ವ್ಯಭಿಚಾರವೆಂದರೆ ಇನ್ನೊಬ್ಬ ಗಂಡಸಿನ ಹೆಂಡತಿಯೊಡನೆ ಕೂಡುವುದು. ಅನ್ಯಾಯವಾದದ್ದು ಆ ಇನ್ನೊಬ್ಬ ಗಂಡಸಿಗೆ. ಗಂಡನು ತನ್ನ ಸ್ವಂತ ಹೆಂಡತಿಗೇ ವ್ಯಭಿಚಾರದಿಂದ ಅನ್ಯಾಯ ಮಾಡಬಲ್ಲನೆಂದು ಇಲ್ಲಿ ಮೊದಲ ಬಾರಿಗೆ ನೇರವಾಗಿ ಹೇಳಲಾಗಿದೆ. ಮೊದಲನೆಯವಳನ್ನು ಬಿಟ್ಟು ಇನ್ನೊಬ್ಬಳನ್ನು ತರುವುದೇ ದ್ರೋಹವಾದರೆ, ಬಿಡದೆ ಇಟ್ಟುಕೊಂಡು ತಂದಾಗ ಅದು ದ್ರೋಹವಲ್ಲವೆನ್ನುವುದು ಹೇಗೆ? ‘ಗಂಡನಿಗೆ ಸ್ವಂತ ದೇಹದ ಮೇಲೆ ಅಧಿಕಾರವಿಲ್ಲ, ಅದು ಹೆಂಡತಿಗುಂಟು’ ಎಂದು ಪೌಲನು 1 ಕೊರಿಂಥ 7:4ರಲ್ಲಿ ಬರೆದದ್ದೂ ಇದೇ ದಾರಿಯಲ್ಲಿದೆ.

ಹೀಗಾಗಿ ನನ್ನ ನಿಲುವು: ಹಳೆಯ ಒಡಂಬಡಿಕೆಯಲ್ಲಿ ಅದನ್ನು ಸಹಿಸಲಾಯಿತು, ಅದರ ಕೇಡಿಗೆ ಕಡಿವಾಣ ಹಾಕಲಾಯಿತು, ಆದರ್ಶವೆಂದು ಎಂದೂ ಬೋಧಿಸಲಿಲ್ಲ. ಹೊಸ ಒಡಂಬಡಿಕೆಯಲ್ಲಿ ಅದಕ್ಕೆ ಜಾಗವಿಲ್ಲ. ಇದು ವಚನಗಳನ್ನು ಕೂಡಿಸಿ ಮಾಡಿದ ತೀರ್ಮಾನವೇ ಹೊರತು ಒಂದೇ ವಚನದಲ್ಲಿ ಬರೆದಿಟ್ಟ ಆಜ್ಞೆಯಲ್ಲ ಎಂಬುದನ್ನು ಮರೆಮಾಚಬೇಕಾಗಿಲ್ಲ.

ಉತ್ತರ 2 — ಮೂಲಪಾಠ

ಮೇಲಿನ ಉತ್ತರವನ್ನು ಗೌರವದಿಂದ ಓದಿದೆ. ಯೇಸುವಿನ ಮಾತಿನ ಬಗ್ಗೆ ಹೇಳಿದ್ದರಲ್ಲಿ ಬಹುಪಾಲು ಒಪ್ಪುತ್ತೇನೆ. ಆದರೆ ‘ಸಹಿಸಲಾಯಿತು’ ಎಂಬ ಮಾತು ಹಳೆಯ ಒಡಂಬಡಿಕೆಯ ಎಲ್ಲ ವಚನಗಳನ್ನೂ ಹೊರಲಾರದು ಎಂಬುದು ನನ್ನ ಅಭಿಪ್ರಾಯ. ಬಹುಪತ್ನೀತ್ವವನ್ನು ಸಮರ್ಥಿಸಲು ನಾನಿದನ್ನು ಬರೆಯುತ್ತಿಲ್ಲ. ಸರಿಯಾದ ತೀರ್ಮಾನಕ್ಕೆ ದುರ್ಬಲವಾದ ವಾದವನ್ನು ಆಧಾರವಾಗಿಟ್ಟರೆ, ಆ ವಾದ ಮುರಿದ ದಿನ ತೀರ್ಮಾನದ ಮೇಲಿನ ನಂಬಿಕೆಯೂ ಹೋಗುತ್ತದೆ.

ಕುಟುಂಬದಲ್ಲಿ ಕಲಹವಾಯಿತು, ಆದ್ದರಿಂದ ಕಥೆಗಾರನು ಬಹುಪತ್ನೀತ್ವವನ್ನು ಖಂಡಿಸುತ್ತಿದ್ದಾನೆ ಎಂಬ ವಾದವನ್ನೇ ತೆಗೆದುಕೊಳ್ಳಿ. ಇಸಾಕನಿಗೆ ರೆಬೆಕ್ಕಳೊಬ್ಬಳೇ ಹೆಂಡತಿ. ಆ ಮನೆಯಲ್ಲಿ ತಂದೆಗೆ ಒಬ್ಬ ಮಗ ಮುದ್ದು, ತಾಯಿಗೆ ಇನ್ನೊಬ್ಬ ಮುದ್ದು, ಕೊನೆಗೆ ಕುರುಡು ತಂದೆಗೆ ಮೋಸ, ಅಣ್ಣನಿಂದ ಕೊಲೆಯ ಬೆದರಿಕೆ. ಆದಾಮನಿಗೂ ಹವ್ವಳೊಬ್ಬಳೇ, ಅವರ ಮಕ್ಕಳಲ್ಲಿಯೇ ಮೊದಲ ಕೊಲೆಯಾಯಿತು. ಕಲಹವನ್ನು ನೋಡಿ ಏಕಪತ್ನೀತ್ವವನ್ನು ಖಂಡಿಸಿದ್ದಾರೆಂದು ನಾವು ಹೇಳುವುದಿಲ್ಲ. ಅಬ್ರಹಾಮನನ್ನೂ ಯಾಕೋಬನನ್ನೂ ಬೇರೆ ವಿಷಯಗಳಲ್ಲಿ ತಿದ್ದಿದ ದೇವರು ಈ ಒಂದು ವಿಷಯದಲ್ಲಿ ಅವರೊಡನೆ ಮಾತೇ ಆಡಲಿಲ್ಲ ಎಂಬುದೂ ಗಮನಿಸಬೇಕಾದ ಸಂಗತಿ.

2 ಪೂರ್ವಕಾಲವೃತ್ತಾಂತ 24:2-3 ಇನ್ನೂ ಸ್ಪಷ್ಟ. ಯಾಜಕನಾದ ಯೆಹೋಯಾದನು ಬದುಕಿದ್ದಷ್ಟು ಕಾಲ ಅರಸ ಯೋವಾಷನು ದೇವರ ದೃಷ್ಟಿಗೆ ಒಳ್ಳೆಯದನ್ನೇ ಮಾಡಿದನು ಎಂದು ಹೇಳಿದ ಕೂಡಲೇ, ಯೆಹೋಯಾದನು ಅವನಿಗೆ ಇಬ್ಬರು ಹೆಂಡತಿಯರನ್ನು ತಂದನು, ಅವನು ಗಂಡುಹೆಣ್ಣು ಮಕ್ಕಳನ್ನು ಪಡೆದನು ಎಂದು ಬರೆದಿದೆ. ಯೋವಾಷನ ಪತನ ಆರಂಭವಾಗುವುದು ಯೆಹೋಯಾದನು ಸತ್ತ ಮೇಲೆ, ವಿಗ್ರಹಾರಾಧನೆಯಿಂದ. ಧರ್ಮನಿಷ್ಠನಾದ ಯಾಜಕನು ಮಾಡಿಸಿದ ಎರಡು ಮದುವೆಗಳಲ್ಲಿ ಬರೆದವನಿಗೆ ಯಾವ ದೋಷವೂ ಕಾಣಲಿಲ್ಲ. ಯೆಹೆಜ್ಕೇಲ 23ರಲ್ಲಿ ದೇವರು ಸಮಾರ್ಯವನ್ನೂ ಯೆರೂಸಲೇಮನ್ನೂ ತನ್ನವರಾದ ಇಬ್ಬರು ಅಕ್ಕತಂಗಿಯರೆಂದು ಚಿತ್ರಿಸುತ್ತಾನೆ. ಅದು ರೂಪಕವೇ ನಿಜ, ಆದರೆ ಪಾಪವೆಂದು ಎಲ್ಲರೂ ತಿಳಿದಿದ್ದ ಸ್ಥಿತಿಯನ್ನು ಪ್ರವಾದಿಯು ದೇವರಿಗೆ ರೂಪಕವಾಗಿ ಬಳಸುತ್ತಿದ್ದನೇ?

ಎಲ್ಲಕ್ಕಿಂತ ಕಠಿಣವಾದುದು ಧರ್ಮೋಪದೇಶಕಾಂಡ 25:5-10ರ ಮೈದುನಧರ್ಮ. ಒಟ್ಟಿಗೆ ವಾಸಿಸುವ ಅಣ್ಣತಮ್ಮಂದಿರಲ್ಲಿ ಒಬ್ಬನು ಮಗನಿಲ್ಲದೆ ಸತ್ತರೆ ಉಳಿದವನು ಆ ವಿಧವೆಯನ್ನು ಹೆಂಡತಿಯಾಗಿ ಪರಿಗ್ರಹಿಸಬೇಕು. ಅವನಿಗೆ ಆಗಲೇ ಮದುವೆಯಾಗಿದ್ದರೆ ಬೇಡ ಎಂಬ ವಿನಾಯಿತಿ ಅಲ್ಲಿಲ್ಲ. ಒಲ್ಲೆನೆಂದವನ ಕೆರವನ್ನು ವಿಧವೆಯು ಹಿರಿಯರ ಮುಂದೆ ಬಿಚ್ಚಿ, ಮುಖದ ಮೇಲೆ ಉಗುಳಬೇಕು. ಅಂದರೆ ಕೆಲವು ಸಂದರ್ಭಗಳಲ್ಲಿ ಎರಡನೆಯ ಮದುವೆ ಸಹಿಸಿದ ವಿಷಯವಾಗಿರದೆ ಕರ್ತವ್ಯವೇ ಆಗಿತ್ತು. ಇದನ್ನು ‘ಮೊಂಡತನಕ್ಕೆ ಕೊಟ್ಟ ಅಪ್ಪಣೆ’ಯ ಲೆಕ್ಕಕ್ಕೆ ಸೇರಿಸಲು ನನಗೆ ಸಾಧ್ಯವಾಗಿಲ್ಲ, ಇಲ್ಲಿ ಮೊಂಡನೆಂದು ಅವಮಾನಕ್ಕೆ ಗುರಿಯಾಗುವವನು ಒಲ್ಲೆನೆಂದವನೇ.

ಆದ್ದರಿಂದ ನಾನು ಹೇಳುವುದಿಷ್ಟು: ಹಳೆಯ ಒಡಂಬಡಿಕೆಯ ಜನರಿಗೆ ಅದು ಪಾಪವಾಗಿರಲಿಲ್ಲ. ಕ್ರೈಸ್ತರಿಗೆ ಅದು ಸಲ್ಲದು, ಏಕೆಂದರೆ ಯೇಸು ಮತ್ತು ಪೌಲರು ಮದುವೆಯನ್ನು ಹೊಸದಾಗಿ ಬೋಧಿಸಿದರು. ಅಬ್ರಹಾಮನನ್ನು ಪಾಪಿಯೆಂದು ಹಿಂದಕ್ಕೆ ಹೋಗಿ ತೀರ್ಪು ಕೊಡುವ ಅಗತ್ಯ ನಮಗಿಲ್ಲ.

ಉತ್ತರ 3 — ಇತಿಹಾಸಾಸಕ್ತೆ

ಈ ಇಬ್ಬರ ನಡುವಿನ ವಾದ ಬಹಳ ಹಳೆಯದು. ಯೇಸುವಿನ ಕಾಲಕ್ಕೂ ಮೊದಲೇ ಯೆಹೂದ್ಯರೊಳಗೆ ನಡೆದಿತ್ತು. ಕೈರೋ ನಗರದ ಹಳೆಯ ಸಭಾಮಂದಿರದ ಉಗ್ರಾಣದಲ್ಲಿ ದೊರೆತು 1910ರಲ್ಲಿ ಪ್ರಕಟವಾದ, ಆಮೇಲೆ ಮೃತ ಸಮುದ್ರದ ಬಳಿಯ ಕುಮ್ರಾನ್ ಗುಹೆಗಳಲ್ಲಿಯೂ ತುಣುಕುಗಳಾಗಿ ಸಿಕ್ಕಿದ ‘ದಮಸ್ಕ ದಾಖಲೆ’ ಎಂಬ ಬರಹವು, ತಮ್ಮ ಜೀವಮಾನದಲ್ಲಿ ಇಬ್ಬರು ಹೆಂಡತಿಯರನ್ನು ಮಾಡಿಕೊಳ್ಳುವವರನ್ನು ಕಟುವಾಗಿ ಖಂಡಿಸುತ್ತದೆ. ಅದು ಕೊಡುವ ಆಧಾರಗಳು ಗಮನಾರ್ಹ: ದೇವರು ಗಂಡುಹೆಣ್ಣಾಗಿ ಸೃಷ್ಟಿಸಿದನು, ನೋಹನ ನಾವೆಯೊಳಗೆ ಜೋಡಿಜೋಡಿಯಾಗಿ ಹೋದವು, ಅರಸನು ಹೆಂಡತಿಯರನ್ನು ಹೆಚ್ಚಿಸಿಕೊಳ್ಳಬಾರದು. ಮೊದಲನೆಯ ವಚನ ಯೇಸು ಉದಾಹರಿಸಿದ್ದೇ ಆಗಿದೆ. ದಾವೀದನ ಗತಿಯೇನು ಎಂಬ ಪ್ರಶ್ನೆ ಅವರಿಗೂ ಎದುರಾಗಿತ್ತು. ಧರ್ಮಶಾಸ್ತ್ರದ ಗ್ರಂಥಕ್ಕೆ ಮುದ್ರೆ ಹಾಕಿ ಮಂಜೂಷದಲ್ಲಿ ಇಟ್ಟಿದ್ದರಿಂದ ಅವನು ಅದನ್ನು ಓದಿರಲಿಲ್ಲ ಎಂದು ಅವರು ಉತ್ತರಿಸಿದರು. ಆ ಖಂಡನೆ ವಿಚ್ಛೇದನದ ನಂತರದ ಮರುಮದುವೆಗೂ ಅನ್ವಯಿಸುತ್ತದೆಯೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಅದೇ ಗುಹೆಗಳ ‘ದೇವಾಲಯದ ಸುರುಳಿ’ ಮಾತ್ರ ಅರಸನು ತನ್ನ ಹೆಂಡತಿ ಬದುಕಿರುವವರೆಗೆ ಬೇರೊಬ್ಬಳನ್ನು ಮಾಡಿಕೊಳ್ಳಬಾರದೆಂದು ಸಂಶಯಕ್ಕೆ ಎಡೆಯಿಲ್ಲದಂತೆ ಹೇಳುತ್ತದೆ. ಹೆಂಡತಿಯು ಬದುಕಿರುವಾಗ ಅವಳ ಸಹೋದರಿಯನ್ನು ಸವತಿಯಾಗಿ ತರಬಾರದೆಂಬ ಯಾಜಕಕಾಂಡ 18:18ರ ನಿಯಮವನ್ನು ಎಲ್ಲ ಎರಡನೆಯ ಹೆಂಡತಿಯರಿಗೂ ಅನ್ವಯಿಸಬೇಕೆಂದು ಇಂದಿಗೂ ಕೆಲವರು ವಾದಿಸುತ್ತಾರೆ. ಅದರ ಹಿಂದಿನ ವಚನಗಳೆಲ್ಲ ನಿಜವಾದ ಕುಟುಂಬ ಸಂಬಂಧಗಳನ್ನೇ ಕುರಿತಿರುವುದರಿಂದ ಆ ವಾದ ನನಗೆ ಬಲವಾಗಿ ಕಾಣುವುದಿಲ್ಲ.

ಇನ್ನೊಂದು ಪಕ್ಷದಲ್ಲಿ ಒಂದನೆಯ ಶತಮಾನದ ಯೆಹೂದಿ ಇತಿಹಾಸಕಾರ ಯೋಸೇಫನು (ಜೋಸೆಫಸ್) ಅರಸ ಹೆರೋದನ ಒಂಬತ್ತು ಮಂದಿ ಹೆಂಡತಿಯರ ವಿಷಯ ಬರೆಯುವಾಗ, ಏಕಕಾಲದಲ್ಲಿ ಹಲವರನ್ನು ಹೊಂದುವುದು ನಮ್ಮ ಪೂರ್ವಿಕರ ರೂಢಿ ಎನ್ನುತ್ತಾನೆ. ಅದು ಅರಮನೆಗೆ ಮಾತ್ರ ಸೀಮಿತವಾಗಿರಲಿಲ್ಲ ಎಂಬುದಕ್ಕೆ ಬಬಥಾ ಎಂಬ ಯೆಹೂದಿ ಹೆಂಗಸಿನ ಕಾಗದಪತ್ರಗಳು ಸಾಕ್ಷಿ. ಮೃತ ಸಮುದ್ರದ ಪಶ್ಚಿಮದ ಗುಹೆಯೊಂದರಲ್ಲಿ ಚರ್ಮದ ಚೀಲದೊಳಗೆ ಕಟ್ಟಿಟ್ಟಿದ್ದ ಈ ಪತ್ರಗಳು 1961ರಲ್ಲಿ ಸಿಕ್ಕವು. ಅವಳ ಎರಡನೆಯ ಗಂಡ ಯೆಹೂದನಿಗೆ ಮಿರ್ಯಾಮಳೆಂಬ ಇನ್ನೊಬ್ಬ ಹೆಂಡತಿಯಿದ್ದಳು. ಅವನು ಸತ್ತ ಮೇಲೆ ಆಸ್ತಿಗಾಗಿ ಈ ಇಬ್ಬರೂ ಕ್ರಿ.ಶ. 131ರಲ್ಲಿ ರೋಮನ್ ಅಧಿಪತಿಯ ಮುಂದೆ ವ್ಯಾಜ್ಯಕ್ಕೆ ಹೊರಡುತ್ತಾರೆ. ಮಿರ್ಯಾಮಳ ಉತ್ತರದಲ್ಲಿ ಯೆಹೂದನನ್ನು ‘ನನ್ನ ಮತ್ತು ನಿನ್ನ ಗಂಡ’ ಎಂದೇ ಹೇಳಲಾಗಿದೆ. ಇಬ್ಬರೂ ಏಕಕಾಲದ ಪತ್ನಿಯರೆಂದು ಹಲವು ವಿದ್ವಾಂಸರು ಇದನ್ನು ಓದುತ್ತಾರೆ. ಧರ್ಮೋಪದೇಶಕಾಂಡ 21ರ ಆ ಎರಡು ಹೆಂಡತಿಯರ ಕಾನೂನು ಯಾವ ಬಗೆಯ ಬದುಕಿಗಾಗಿ ಬರೆದದ್ದೆಂಬುದು ಈ ಪತ್ರಗಳನ್ನು ನೋಡಿದಾಗ ಅರ್ಥವಾಗುತ್ತದೆ.

ಕ್ರೈಸ್ತ ಸಭೆಯಲ್ಲಿ ಆರಂಭದಿಂದಲೂ ಏಕಪತ್ನೀತ್ವವೇ ನಿಯಮ. ರೋಮನ್ ಕಾನೂನೂ ಅದನ್ನೇ ಹೇಳುತ್ತಿತ್ತು. ಎರಡನೆಯ ಶತಮಾನದ ಕ್ರೈಸ್ತ ಲೇಖಕ ಜಸ್ಟಿನನು, ನಿಮ್ಮ ಗುರುಗಳು ಈಗಲೂ ನಾಲ್ಕೈದು ಹೆಂಡತಿಯರಿಗೆ ಅನುಮತಿ ಕೊಡುತ್ತಾರೆಂದು ಯೆಹೂದ್ಯರನ್ನು ಆಕ್ಷೇಪಿಸಿದ್ದಾನೆ. ಪ್ರಾಚೀನ ಕ್ರೈಸ್ತ ದೇವಶಾಸ್ತ್ರಜ್ಞ ಅಗಸ್ಟೀನನ ಉತ್ತರ ‘ಮೂಲಪಾಠ’ ಅವರ ಪಕ್ಷಕ್ಕೆ ಹತ್ತಿರ: ಅಬ್ರಹಾಮ, ಯಾಕೋಬರಂಥ ಪಿತೃಗಳು ಸಂತಾನಕ್ಕಾಗಿ ಮಾಡಿಕೊಂಡರು, ಕಾಮಕ್ಕಾಗಿ ಅಲ್ಲ, ರೂಢಿಯಾಗಿದ್ದಾಗ ಅದು ಅಪರಾಧವಾಗಿರಲಿಲ್ಲ, ಈಗ ಅಪರಾಧವಾಗಿದೆ. ಯೆಹೂದ್ಯರಲ್ಲಿ, ಯೂರೋಪಿನ ಅಷ್ಕೆನಾಜಿ ಸಮುದಾಯಕ್ಕೆ, ಸುಮಾರು ಕ್ರಿ.ಶ. 1000ದ ಹೊತ್ತಿಗೆ ರಬ್ಬಿ ಗೆರ್ಷೋಮರ ಹೆಸರಿನಲ್ಲಿ ನಿಷೇಧ ಬಂತು.

‘ನಿಷೇಧಿಸುವ ವಚನವಿಲ್ಲ’ ಎಂಬ ಮಾತು ಎಲ್ಲಿಗೆ ಒಯ್ಯಬಲ್ಲದೆಂಬುದಕ್ಕೆ ಹದಿನಾರನೆಯ ಶತಮಾನವನ್ನು ನೋಡಬೇಕು. ಮ್ಯೂನ್‌ಸ್ಟರ್ ಎಂಬ ಜರ್ಮನ್ ನಗರವನ್ನು ವಶಪಡಿಸಿಕೊಂಡಿದ್ದ ಪುನರ್ದೀಕ್ಷಾವಾದಿಗಳು (ವಯಸ್ಕರಿಗೇ ದೀಕ್ಷಾಸ್ನಾನ ಕೊಡಬೇಕೆನ್ನುವ ಕ್ರೈಸ್ತ ಪಂಗಡದವರು) 1534ರಲ್ಲಿ ಹಳೆಯ ಒಡಂಬಡಿಕೆಯ ಪಿತೃಗಳ ಉದಾಹರಣೆ ಕೊಟ್ಟು ಅಲ್ಲಿ ಬಹುಪತ್ನೀತ್ವವನ್ನು ಜಾರಿಗೆ ತಂದರು. ನಗರದಲ್ಲಿ ಹೆಂಗಸರೇ ಬಹಳ ಹೆಚ್ಚಾಗಿದ್ದರು, ಒಲ್ಲದವರ ಮೇಲೆ ಬಲವಂತ ನಡೆಯಿತು. ಐದು ವರ್ಷಗಳ ನಂತರ, 1539ರ ಡಿಸೆಂಬರಿನಲ್ಲಿ, ಪ್ರೊಟೆಸ್ಟಂಟ್ ಸುಧಾರಣೆಯ ನಾಯಕರಾದ ಲೂಥರ್, ಮೆಲಾಂಖ್ತನ್ ಮತ್ತು ಬುಟ್ಸರ್ ಅವರು ಜರ್ಮನಿಯ ಹೆಸ್ಸೆಯ ದೊರೆ ಫಿಲಿಪ್ಪನು ಹೆಂಡತಿಯಿರುವಾಗಲೇ ಇನ್ನೊಬ್ಬಳನ್ನು ಗುಟ್ಟಾಗಿ ಮದುವೆಯಾಗಲು ಸಮ್ಮತಿ ಕೊಟ್ಟರು. ಅದನ್ನು ಸಾಮಾನ್ಯ ನಿಯಮವಾಗಿ ಅವರು ಬೋಧಿಸಲಿಲ್ಲ; ಪಾಪನಿವೇದನೆಯ ಗುಟ್ಟಿನ ಸಲಹೆಯೆಂದು ಭಾವಿಸಿದ್ದರು. 1540ರ ಮಾರ್ಚ್ 4ರಂದು ಮದುವೆ ನಡೆದು, ಗುಟ್ಟು ಹೊರಬಿದ್ದು, ಸುಧಾರಣೆಯ ಪಕ್ಷಕ್ಕೆ ದೊಡ್ಡ ಅಪಕೀರ್ತಿ ಬಂತು. ಕ್ರೈಸ್ತನಿಗೆ ಏಕಕಾಲದಲ್ಲಿ ಹಲವು ಹೆಂಡತಿಯರು ಇರಬಹುದು, ದೈವಿಕ ಕಾನೂನು ಅದನ್ನು ನಿಷೇಧಿಸಿಲ್ಲ ಎನ್ನುವವನನ್ನು ಬಹಿಷ್ಕರಿಸಬೇಕೆಂದು ಕಥೋಲಿಕ ಸಭೆಯ ಟ್ರೆಂಟಿನ ಮಹಾಸಭೆ 1563ರಲ್ಲಿ ವಿಧಿಸಿತು.

ಜಿಜ್ಞಾಸು

ಮೂವರಿಗೂ ಕೃತಜ್ಞತೆಗಳು. ಎರಡು ವಿಷಯಗಳು ಉಳಿದಿವೆ. ನಾತಾನನ ಮಾತಿಗೆ ಇನ್ನೂ ಉತ್ತರ ಬಂದಿಲ್ಲ. ಮತ್ತೊಂದು, ಸಭಾಧ್ಯಕ್ಷನು ‘ಏಕಪತ್ನಿಯುಳ್ಳವನು’ ಆಗಿರಬೇಕೆಂಬ 1 ತಿಮೊಥೆಯ 3:2ರ ಮಾತು. ಅಧ್ಯಕ್ಷನಿಗೆ ಮಾತ್ರ ಈ ನಿಯಮವಾದರೆ, ಉಳಿದ ವಿಶ್ವಾಸಿಗಳಲ್ಲಿ ಹಲವು ಹೆಂಡತಿಯರುಳ್ಳವರು ಇದ್ದರೆಂದು ಅರ್ಥವೇ? ಈಗಾಗಲೇ ಹಲವರನ್ನು ಮದುವೆಯಾಗಿರುವವನು ವಿಶ್ವಾಸಕ್ಕೆ ಬಂದರೆ ಸಭೆಗಳು ಏನು ಮಾಡುತ್ತವೆ?

ಉತ್ತರ 1 — ಶಾಸ್ತ್ರಾಭ್ಯಾಸಿ

ನಾತಾನನ ಮಾತಿನ ವಿಷಯ. 2 ಸಮುವೇಲ 12:8ನ್ನು 12:11ರಿಂದ ಬೇರೆಮಾಡಿ ಓದಬಾರದು. ಅದೇ ಪ್ರವಾದಿ, ಅದೇ ಉಸಿರಿನಲ್ಲಿ, ದೇವರ ಹೆಸರಿನಲ್ಲಿಯೇ ಹೇಳುತ್ತಾನೆ: ನಿನ್ನ ಹೆಂಡತಿಯರನ್ನು ನಿನ್ನ ಕಣ್ಣೆದುರಿಗೇ ತೆಗೆದು ಮತ್ತೊಬ್ಬನಿಗೆ ಕೊಡುವೆನು, ಅವನು ಹಗಲಿನಲ್ಲಿಯೇ ಅವರೊಡನೆ ಮಲಗುವನು. ಇದು ನೆರವೇರಿದ್ದು 16:22ರಲ್ಲಿ, ಮಗನಾದ ಅಬ್ಷಾಲೋಮನು ಮಾಳಿಗೆಯ ಮೇಲೆ ಗುಡಾರ ಹಾಕಿಸಿ ತಂದೆಯ ಉಪಪತ್ನಿಯರಲ್ಲಿಗೆ ಹೋದಾಗ. ಎಂಟನೆಯ ವಚನದ ‘ಕೊಟ್ಟೆನು’ ಎಂಬುದು ಆ ಕೂಟಕ್ಕೆ ದೇವರ ಮೆಚ್ಚುಗೆಯಾದರೆ, ಹನ್ನೊಂದನೆಯ ವಚನದ ‘ಕೊಡುವೆನು’ ಎಂಬುದೂ ಅಬ್ಷಾಲೋಮನ ಕೃತ್ಯಕ್ಕೆ ಮೆಚ್ಚುಗೆಯಾಗಬೇಕಾಗುತ್ತದೆ. ಯಾರೂ ಹಾಗೆ ಓದುವುದಿಲ್ಲ. ಸೋತ ಅರಸನ ಅಂತಃಪುರವು ಗೆದ್ದವನ ವಶಕ್ಕೆ ಹೋಗುವುದು ರಾಜ್ಯವೇ ಕೈಬದಲಾದುದರ ಗುರುತಾಗಿತ್ತು. ಸೌಲನ ಮನೆತನವೂ ರಾಜ್ಯವೂ ನಿನ್ನದಾಯಿತು ಎಂದು ನಾತಾನನು ಹೇಳುತ್ತಿದ್ದಾನೆ ಎಂದೇ ನಾನು ತಿಳಿಯುತ್ತೇನೆ. ಆ ಕಥೆಯನ್ನು ಪೂರ್ತಿ ಓದಿದರೆ ಅತ್ಯಂತ ನೋವಾಗುವುದು ಈ ಕಾರಣಕ್ಕೆ: ದಾವೀದನ ಪಾಪದ ದಂಡನೆ ಬಿದ್ದದ್ದು ಆ ಹತ್ತು ಮಂದಿ ಉಪಪತ್ನಿಯರ ಮೇಲೆ. ದಾವೀದನು ಹಿಂದಿರುಗಿದ ಮೇಲೆ ಅವರನ್ನು ಒಂದು ಮನೆಯಲ್ಲಿ ಕಾವಲಿನಲ್ಲಿಟ್ಟು ಅನ್ನವಸ್ತ್ರ ಕೊಟ್ಟನು, ಆದರೆ ಅವರ ಬಳಿಗೆ ಹೋಗಲಿಲ್ಲ. ಸಾಯುವವರೆಗೂ ಅವರು ವಿಧವೆಯರಂತೆ ಉಳಿದರು (20:3).

ಮೈದುನಧರ್ಮದ ಬಗ್ಗೆ ‘ಮೂಲಪಾಠ’ ಅವರು ಎತ್ತಿದ ಆಕ್ಷೇಪಣೆ ಬಲವಾದದ್ದು. ವಿವಾಹಿತನಿಗೆ ವಿನಾಯಿತಿಯಿಲ್ಲ ಎಂಬುದು ನಿಜ. ಆದರೆ ಅಲ್ಲಿಯೂ ಕಾನೂನಿನ ಕಣ್ಣು ಮಗನಿಲ್ಲದ ವಿಧವೆಯ ಮೇಲೆ, ಅಳಿಸಿಹೋಗಲಿರುವ ಸತ್ತವನ ಹೆಸರಿನ ಮೇಲೆ ಇದೆ. ಹಲವರನ್ನು ಮಾಡಿಕೊಳ್ಳಬಯಸುವ ಗಂಡಸಿನ ಮೇಲಲ್ಲ.

ಉತ್ತರ 4 — ಸಭಾಸೇವಕ

ತಮ್ಮ ಎರಡನೆಯ ಪ್ರಶ್ನೆಗೆ ಉತ್ತರಿಸಲು ಪ್ರಯತ್ನಿಸುತ್ತೇನೆ. 1 ತಿಮೊಥೆಯ 3:2ನ್ನು ನಾಲ್ಕು ಬಗೆಯಲ್ಲಿ ಓದಲಾಗಿದೆ: ಅಧ್ಯಕ್ಷನು ಅವಿವಾಹಿತನಾಗಿರಬಾರದು, ಅವನಿಗೆ ಏಕಕಾಲದಲ್ಲಿ ಹಲವು ಹೆಂಡತಿಯರಿರಬಾರದು, ಹೆಂಡತಿ ಸತ್ತ ಮೇಲೂ ಅವನು ಮರುಮದುವೆಯಾಗಬಾರದು, ತನ್ನ ಹೆಂಡತಿಗೆ ನಿಷ್ಠನಾಗಿರಬೇಕು. ನಿರ್ಧರಿಸಲು ಸಹಾಯಮಾಡುವುದು ಅದೇ ಪತ್ರದ 5:9. ಅಲ್ಲಿ ಸಭೆಯ ಪಟ್ಟಿಗೆ ಸೇರಬೇಕಾದ ವಿಧವೆಯು ಒಬ್ಬನೇ ಗಂಡನ ಹೆಂಡತಿಯಾಗಿದ್ದಿರಬೇಕೆಂದು ಅದೇ ಬಗೆಯ ಮಾತಿದೆ. ಒಬ್ಬ ಹೆಂಗಸಿಗೆ ಏಕಕಾಲದಲ್ಲಿ ಹಲವು ಗಂಡಂದಿರಿರುವುದು ಆ ಸಮಾಜದಲ್ಲಿ ಇರಲೇ ಇಲ್ಲವಾದ್ದರಿಂದ, ಆ ಮಾತು ಬಹುಪತಿತ್ವವನ್ನು ನಿಷೇಧಿಸಲು ಬರೆದದ್ದಾಗಿರಲಾರದು. ಹಾಗಾದರೆ 3:2ನ್ನೂ ಬಹುಪತ್ನೀತ್ವದ ಮೇಲಿನ ನೇರ ಕಾನೂನೆಂದು ಹಿಡಿಯುವುದು ಕಷ್ಟ. ನಿಷ್ಠೆಯ ಅರ್ಥವೇ ಎರಡೂ ಕಡೆ ಹೊಂದುತ್ತದೆ. ಅಧ್ಯಕ್ಷನಿಗೆ ಹೇಳಿದ್ದರಿಂದ ಉಳಿದವರಿಗೆ ರಿಯಾಯಿತಿಯಿತ್ತೆಂಬ ತರ್ಕವೂ ನಿಲ್ಲದು. ಅದೇ ಪಟ್ಟಿಯಲ್ಲಿ ಅವನು ಕುಡುಕನಾಗಿರಬಾರದು, ಹೊಡೆದಾಡುವವನಾಗಿರಬಾರದು ಎಂದೂ ಇದೆ.

ಇನ್ನು ಹಲವು ಹೆಂಡತಿಯರೊಡನೆ ವಿಶ್ವಾಸಕ್ಕೆ ಬರುವವನ ವಿಷಯ. ಇಲ್ಲಿ ಒಂದು ವಚನವನ್ನು ಪಾಲಿಸಲು ಹೊರಟು ಇನ್ನೊಂದನ್ನು ಮುರಿಯುವ ಅಪಾಯವಿದೆ. ಒಬ್ಬಳನ್ನು ಉಳಿಸಿಕೊಂಡು ಉಳಿದವರನ್ನು ಕಳುಹಿಸು ಎಂದು ಹೇಳಿದರೆ, ಯೇಸು ಖಂಡಿಸಿದ ವಿಚ್ಛೇದನವನ್ನೇ ದೀಕ್ಷಾಸ್ನಾನದ ಷರತ್ತಾಗಿ ಮಾಡಿದಂತಾಗುತ್ತದೆ. ಕಳುಹಿಸಲ್ಪಟ್ಟವಳಿಗೆ ಮನೆಯಿಲ್ಲ, ಅನ್ನವಿಲ್ಲ, ಕೆಲವು ಕಡೆ ಮಕ್ಕಳ ಮೇಲಿನ ಹಕ್ಕೂ ಇಲ್ಲ. ಆಫ್ರಿಕದ ನಟಾಲ್ ಪ್ರಾಂತದ ಬಿಷಪ್ ಕೊಲೆನ್ಸೊ ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿಯೇ ಇದನ್ನು ಎತ್ತಿ ಹೇಳಿ, ಹೆಂಡತಿಯರನ್ನು ಬಿಡಬೇಕೆಂದು ಬಲವಂತಪಡಿಸುವುದು ಅನ್ಯಾಯವೆಂದು ವಾದಿಸಿದ್ದರು. ಆದರೂ 1888ರ ಲ್ಯಾಂಬೆತ್ ಸಮ್ಮೇಳನದಲ್ಲಿ ಆಂಗ್ಲಿಕನ್ (ಇಂಗ್ಲೆಂಡಿನ ಸಭೆಯ ಪರಂಪರೆಯ) ಬಿಷಪ್ಪರು, ಬಹುಪತ್ನಿಯರುಳ್ಳವರಿಗೆ ದೀಕ್ಷಾಸ್ನಾನ ಕೊಡದೆ ಬೋಧನೆಯಲ್ಲಿ ಇಟ್ಟುಕೊಂಡಿರಬೇಕೆಂದೂ, ಅಂಥವರ ಹೆಂಡತಿಯರನ್ನು ಮಾತ್ರ ಕೆಲವು ಸಂದರ್ಭಗಳಲ್ಲಿ ಸೇರಿಸಿಕೊಳ್ಳಬಹುದೆಂದೂ ನಿರ್ಣಯಿಸಿದರು. ಸರಿಯಾಗಿ 100 ವರ್ಷಗಳ ನಂತರ, 1988ರ ಸಮ್ಮೇಳನ ಬೇರೆ ದಾರಿ ಹಿಡಿಯಿತು. ಏಕಪತ್ನೀತ್ವವೇ ದೇವರ ಯೋಜನೆಯೆಂದು ಎತ್ತಿಹಿಡಿಯುತ್ತಲೇ, ಅಂಥವನಿಗೆ ಅವನ ವಿಶ್ವಾಸಿಗಳಾದ ಹೆಂಡತಿಯರೊಡನೆ ಮತ್ತು ಮಕ್ಕಳೊಡನೆ ದೀಕ್ಷಾಸ್ನಾನ ಕೊಡಬಹುದೆಂದು ಒಪ್ಪಿತು: ಆ ಹೆಂಡತಿಯರಲ್ಲಿ ಯಾರಾದರೂ ಬದುಕಿರುವವರೆಗೆ ಅವನು ಮತ್ತೆ ಮದುವೆಯಾಗುವುದಿಲ್ಲವೆಂದು ಮಾತುಕೊಡಬೇಕು, ಸ್ಥಳೀಯ ಸಭೆ ಒಪ್ಪಬೇಕು, ಮತ್ತು ಆ ಹೆಂಗಸರಿಗಾಗುವ ಸಾಮಾಜಿಕ ನಷ್ಟದ ಕಾರಣದಿಂದ ಅವರಲ್ಲಿ ಯಾರನ್ನೂ ಬಿಡುವಂತೆ ಅವನನ್ನು ಬಲವಂತಪಡಿಸಬಾರದು.

ಕಥೋಲಿಕ ಸಭೆಯ ನಿಯಮ ಇಂದಿಗೂ ಒಬ್ಬಳನ್ನು ಮಾತ್ರ ಉಳಿಸಿಕೊಳ್ಳಬೇಕೆಂಬುದೇ. 1983ರ ಧರ್ಮಸಂಹಿತೆಯ 1148ನೆಯ ನಿಯಮದ ಪ್ರಕಾರ, ಮೊದಲನೆಯವಳೊಡನೆ ಉಳಿಯುವುದು ಕಷ್ಟವಾದರೆ ಅವನು ಬೇರೊಬ್ಬಳನ್ನು ಉಳಿಸಿಕೊಳ್ಳಬಹುದು. ಆದರೆ ಮೊದಲನೆಯವಳ ಮತ್ತು ಕಳುಹಿಸಲ್ಪಟ್ಟ ಇತರರ ಅಗತ್ಯಗಳಿಗೆ ನ್ಯಾಯವಾದ ಏರ್ಪಾಡಾಗುವಂತೆ ಬಿಷಪ್ಪರು ನೋಡಿಕೊಳ್ಳಬೇಕು. ನನ್ನ ಮನಸ್ಸು 1988ರ ನಿರ್ಣಯದ ಕಡೆಗಿದೆ, ಅದಕ್ಕೆ ಕಾರಣ ವಿಮೋಚನಕಾಂಡ 21:10. ಅನ್ನ, ಬಟ್ಟೆ, ದಾಂಪತ್ಯದ ಹಕ್ಕು ಎಂಬ ಮೂರನ್ನು ಹಳೆಯ ಕಾನೂನೇ ದಾಸಿಯಾಗಿ ಬಂದವಳಿಂದ ಕಸಿಯಲು ಬಿಡಲಿಲ್ಲ. ಸುವಾರ್ತೆಯ ಹೆಸರಿನಲ್ಲಿ ಅವುಗಳನ್ನು ಕಸಿದರೆ, ಮೋಶೆ ಕೊಟ್ಟಿದ್ದ ರಕ್ಷಣೆಗಿಂತಲೂ ಕೆಳಗೆ ನಾವು ಇಳಿದಂತೆ. ‘ಏಕಪತ್ನಿಯುಳ್ಳವನು’ ಎಂಬ ಮಾತಿಗೆ ಇಲ್ಲಿ ಒಂದು ನಿಜವಾದ ಉಪಯೋಗವಿದೆ. ಅಂಥವನನ್ನು ಸದಸ್ಯನಾಗಿ ಸೇರಿಸಿಕೊಳ್ಳುವ ಹಲವು ಸಭೆಗಳು ಅವನನ್ನು ಹಿರಿಯನನ್ನಾಗಿಯೋ ಪಾಲಕನನ್ನಾಗಿಯೋ ನೇಮಿಸುವುದಿಲ್ಲ. ಆ ಮನೆಯ ಮಕ್ಕಳು ಮುಂದೆ ಮದುವೆಯಾಗುವಾಗ ಒಬ್ಬ ಗಂಡ, ಒಬ್ಬಳು ಹೆಂಡತಿ ಎಂಬ ಬೋಧನೆಯನ್ನೇ ಪಡೆಯುತ್ತಾರೆ, ಅವರ ತಾಯಂದಿರು ಮಾತ್ರ ಇದ್ದ ಮನೆಯಲ್ಲಿಯೇ ಇರುತ್ತಾರೆ.